ಜಾಮ್ ಆದ ಇಂಜಿನ್, ಜಗ್ಗದ ಗಂಡ

ಇಂಜಿನ್ ಜಾಮ್ ಆದದ್ದು ನೀರಿನ ನಡುವೆ. ನನ್ನ ತಲೆ ಕೆಟ್ಟದ್ದು ಮಾತ್ರ ಅದು ದಂಡೆಗೆ ಬಂದ ಮೇಲೆ.

ನಮ್ಮ ದೋಣಿ ಮಲಪ್ರಭೆಯ ಹಿನ್ನೀರಿನಲ್ಲಿ ಈ ದಂಡೆಯಿಂದ ಆ ದಂಡೆಗೆ ಜನರನ್ನು ಸಾಗಿಸುತ್ತದೆ. ಹೊಲಕ್ಕೆ ನೀರೆತ್ತುವ ಡೀಸೆಲ್ ಇಂಜಿನ್ನನ್ನೇ ನನ್ನ ಗಂಡ ಖಾಸಿಮಸಾಬರು ದೋಣಿಯ ನಡುವೆ ಬೋಲ್ಟ್ ಹಾಕಿ ಕೂಡಿಸಿದ್ದಾರೆ. ಅದು ಒಂದು ಪೈಪಿನಿಂದ ಹಿನ್ನೀರು ಎಳೆದುಕೊಂಡು ತಣ್ಣಗಿರುತ್ತದೆ. ಪೈಪಿಗೆ ಪಾಚಿ ಸಿಕ್ಕಿಕೊಂಡರೆ ಕಾಯುತ್ತದೆ, ಕಾದರೆ ದಮ್ಮಿನ ರೋಗಿ ಉಸಿರೆಳೆದ ಹಾಗೆ ಸದ್ದು ಬದಲಾಗುತ್ತದೆ. ಆಗ ಬಂದ್ ಮಾಡಿ ಪಾಚಿ ತೆಗೆಯಬೇಕು. ಇಷ್ಟೇ ಇದರ ವಿದ್ಯೆ.

ಅವತ್ತು ಆ ಸದ್ದು ದಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದ ನನಗೆ ಕೇಳಿಸಿತು. ಇಂಜಿನ್ನಿನ ಪಕ್ಕದಲ್ಲೇ ನಿಂತಿದ್ದ ನನ್ನ ಗಂಡನಿಗೆ ಕೇಳಿಸಲಿಲ್ಲ. ದೋಣಿಯಲ್ಲಿದ್ದ ಬಾಳಕೃಷ್ಣರಾಯರು ಎದ್ದು ನಿಂತು ಕೈ ಬೀಸಿ "ಬಂದ್ ಮಾಡ್ರಿ" ಎಂದು ಕೂಗಿದರಂತೆ. ರಾಯರ ಹೊಲ ಆ ದಂಡೆಗಿದೆ. ದೋಣಿ ಹತ್ತಿದ ಕೂಡಲೇ ಕೈ ಬೀಸಿ "ಲಗೂನ ಹೊಡೀರಿ" ಎಂದು ಗದ್ದಲ ಹಾಕುವುದು ಅವರ ದಿನದ ಚಟ. ಇವತ್ತೂ ಅದೇ ಅಂದುಕೊಂಡು ನಮ್ಮ ಇವರು ನಗುನಗುತ್ತ ಇನ್ನಷ್ಟು ರೇಸ್ ಕೊಟ್ಟರು. ಇಂಜಿನ್ ಒಮ್ಮೆ ಕಿರುಚಿ ನಿಂತೇಬಿಟ್ಟಿತು. ಹುಟ್ಟು ಹಾಕಿ ದೋಣಿಯನ್ನು ದಂಡೆಗೆ ತರಬೇಕಾಯಿತು.

ಇವರಿಗೆ ಕಿವಿ ಕೇಳಿಸುವುದಿಲ್ಲ. ಹೋದ ಮಳೆಗಾಲದಿಂದ ಕಡಿಮೆಯಾಗುತ್ತ ಬಂದಿದೆ. ಎದುರಿನವರ ತುಟಿ ನೋಡಿ ಮಾತಾಡಿ ಸಂಭಾಳಿಸುತ್ತಾರೆ. ಮಗನಿಗೂ ಗೊತ್ತಿಲ್ಲ, ನನಗೊಬ್ಬಳಿಗೇ ಗೊತ್ತು. "ಕಿವುಡನ ದೋಣ್ಯಾಗ ಯಾರ ಕುಂಡರ್ತಾರ? ಹೊರಗ ಬಾಯಿ ಬಿಟ್ಟಿ ಅಂದ್ರ ನನ್ನಾಣಿ ಐತಿ ನೋಡ" ಎಂದು ನನ್ನ ಬಾಯಿ ಕಟ್ಟಿಹಾಕಿದ್ದಾರೆ. ಡಾಕ್ಟರ ಹತ್ತಿರ ಹೋಗೋಣ ಎಂದರೆ ಅದೊಂದು ಮಾತ್ರ ಸರಿಯಾಗಿ ಕೇಳಿಸುತ್ತದೆ, ಎದ್ದು ಹೋಗುತ್ತಾರೆ.

ಮರುದಿನ ದಂಡೆಯ ಮೇಲೆ ಸಭೆ ಕೂಡಿತು. ಮನೋಳಿಯಿಂದ ಮೆಕ್ಯಾನಿಕ್ ಭರಮಪ್ಪ ಬಂದು ಇಂಜಿನ್ ಬಿಚ್ಚಿ ನೋಡಿದ.

"ಪಿಸ್ಟನ್ ಒಳಗ ಕಚ್ಚಿಕೊಂಡು ಕುಂತೈತಿ. ಬದಲಿ ಮಾಡಿದ್ರ ನಡೀತೈತಿ. ಹೊಸಾ ಇಂಜಿನ್ ತಂದ್ರೂ ನಡೀತೈತಿ. ನೀವ ಹೇಳ್ರಿ," ಎಂದ.

ಇದನ್ನು ಹೇಳುವುದಕ್ಕೆ ಮನೋಳಿಯಿಂದ ಬರಬೇಕಿತ್ತೇ?

"ಹೊಸಾದ ತರೋಣು ಅಬ್ಬಾ," ಎಂದ ಮಗ ಅಲ್ತಮಶ. "ಕೀ ತಿರುವಿದ್ರ ಚಾಲೂ. ಕಾದ್ರ ಕೆಂಪ ಲೈಟ್ ಹತ್ತತೈತಿ."

ಆ ಮಾತು ಕೇಳಿ ನನ್ನ ಜೀವ ತಣ್ಣಗಾಯಿತು. ಕಿವಿ ಹೋದರೇನು, ಇವರ ಕಣ್ಣು ನೆಟ್ಟಗಿದೆ. "ಹೌದ್ರಿ, ಹೊಸಾದನ್ನ ತರ್ರಿ," ಎಂದೆ.

ಮಗನ ತುಟಿಯನ್ನೇ ನೋಡುತ್ತಿದ್ದ ಇವರು ಎದೆ ಸೆಟೆಸಿದರು. "ಲೈಟ್ ನೋಡಿ ಇಂಜಿನ್ ನಡಸಾಂವ ನಾ ಅಲ್ಲ. ನಾ ಕಿವಿ ಮ್ಯಾಲ ನಡಸಾಂವ. ರಿಪೇರಿ ಮಾಡೋ ಭರಮಪ್ಪ."

ಕಿವಿಯಂತೆ ಕಿವಿ! ನನ್ನ ಮೈಯೆಲ್ಲ ಉರಿದುಹೋಯಿತು.

ಸಾಲದ್ದಕ್ಕೆ ರಾಯರು ಬೇರೆ ತಲೆ ಹಾಕಿದರು. "ಖರೆ ಅದ. ಖಾಸಿಮಸಾಬರ ಅನುಭವ ಏನು ಕಡಿಮಿ ಅದ? ಹೆಣ್ಣಮಕ್ಕಳಿಗೆ ಹೊಸಾದು ಅಂದ್ರ ಸಾಕು, ನೋಡ್ರಿ."

ಎಲ್ಲರೂ ನಕ್ಕರು. ರಿಪೇರಿ ಮಾಡಿದರೂ ಇದು ಮತ್ತೆ ಜಾಮ್ ಆಗುತ್ತದೆ, ಮುಂದಿನ ಸಲ ಗಾಳಿಯ ಹೊತ್ತಿನಲ್ಲಿ ನಡುನೀರಿನಲ್ಲಿ ಆದರೆ ಜನರ ಗತಿ ಏನು ಎಂದು ಕೇಳಬೇಕೆನಿಸಿತು. ಕೇಳಿದರೆ ಯಾಕೆ ಎನ್ನುತ್ತಾರೆ. ಯಾಕೆ ಅನ್ನುವುದಕ್ಕೆ ನನ್ನ ಹತ್ತಿರ ಆಣೆಯೊಂದೇ ಉತ್ತರ.

ರಿಪೇರಿ ಮುಗಿಯುವ ತನಕ ಜನ ರಸ್ತೆ ಹಿಡಿದು ಸುತ್ತು ಹಾಕಿದರು. ಹೋಗುವಾಗ ಬರುವಾಗ ನಮ್ಮ ಬಾಗಿಲಲ್ಲಿ ನಿಂತು "ಯಾವಾಗ್ರಿ?" ಎಂದು ನನ್ನನ್ನೇ ಕೇಳಿದರು. ಊಟಕ್ಕೆ ಕೂತಾಗಲೆಲ್ಲ ನಾನು ಇವರ ಜೊತೆ ಕೈಸನ್ನೆಯಲ್ಲಿ ಜಗಳ ಆಡಿದೆ. ಅಕ್ಕಪಕ್ಕದವರಿಗೆ ಕೇಳಿಸಬಾರದಲ್ಲ! ಕೈಸನ್ನೆಯಲ್ಲಿ ಜಗಳ ಆಡಿ ನೋಡಿ, ಅರ್ಧ ಸಿಟ್ಟು ಒಳಗೇ ಉಳಿಯುತ್ತದೆ. ಇವರು ತಟ್ಟೆ ನೋಡುತ್ತ ಉಣ್ಣುತ್ತಿದ್ದರು. ನೋಡದಿದ್ದರೆ ಕೇಳಿಸುವುದೂ ಇಲ್ಲವಲ್ಲ.

ಕೊನೆಗೆ ಭರಮಪ್ಪ ಇಂಜಿನ್ ತಂದು ಕೂಡಿಸಿದ. ದಂಡೆಯ ತುಂಬ ಜನ. ಇವರು ಮುಂಗೈ ಬಿಗಿದು ಹ್ಯಾಂಡಲ್ ಹೊಡೆದರು, ಚಾಲೂ ಆಯಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಟಕ್ ಟಕ್ ಎಂದು ಬಡಿಯತೊಡಗಿತು. ಅಲ್ತಮಶ ನನ್ನ ಮುಖ ನೋಡಿದ. ದೋಣಿ ಹತ್ತಲು ಕಾಲೆತ್ತಿದ್ದ ರಾಯರು ಕಾಲು ಕೆಳಗಿಟ್ಟರು.

ಭರಮಪ್ಪ ಇವರ ಎದುರಿಗೆ ಬಂದು ನಿಂತ. "ಚಾಚಾ, ಸದ್ದ ಹೆಂಗೈತ್ರಿ?"

"ಏಕ್ ನಂಬರ್!" ಎಂದು ಇವರು ಹೆಬ್ಬೆರಳು ಎತ್ತಿದರು.

ಯಾರೂ ನಗಲಿಲ್ಲ. ಇಂಜಿನ್ ಬಡಿಯುತ್ತಲೇ ಇತ್ತು, ಇವರು ಹೆಬ್ಬೆರಳು ಎತ್ತಿಕೊಂಡೇ ನಿಂತಿದ್ದರು. ನನಗೆ ತಡೆಯಲಾಗಲಿಲ್ಲ. ದೋಣಿ ಹತ್ತಿ ಇಂಜಿನ್ ಬಂದ್ ಮಾಡಿದೆ.

"ಇವರಿಗೆ ಕಿವಿ ಕೇಳಂಗಿಲ್ಲ," ಎಂದೆ. "ಅವತ್ತೂ ಕೇಳಿಲ್ಲ, ಇವತ್ತೂ ಕೇಳಿಲ್ಲ. ಈಗ ಹೇಳ್ರಿ ಎಲ್ಲಾರೂ, ರಿಪೇರಿ ಬೇಕೋ ಹೊಸಾದ ಬೇಕೋ?"

ಇವರು ನನ್ನ ತುಟಿ ನೋಡಿದರು. ಕೈ ಕೆಳಗಿಳಿಯಿತು. ಹ್ಯಾಂಡಲ್ ಇಟ್ಟು ದೋಣಿಯ ತುದಿಗೆ ಹೋಗಿ ನೀರಿನ ಕಡೆ ಮುಖ ಮಾಡಿ ಕುಳಿತರು. ಗೆದ್ದೆ ಅಂತ ನನಗೆ ಅನಿಸಲಿಲ್ಲ.

ಭರಮಪ್ಪ ಮೆಲ್ಲಗೆ ಸ್ಪ್ಯಾನರ್ ಎತ್ತಿಕೊಂಡ. "ಒಂದ ನಟ್ ಸಡ್ಲ ಐತ್ರಿ ಚಾಚಿ, ಅಷ್ಟ," ಎಂದು ಬಿಗಿಯತೊಡಗಿದ.

ರಾಯರು ಕೆಮ್ಮಿದರು. "ಅಮೀರಬಿ, ನೀವು ಇಂಜಿನ್ನಿನ ಬಾಜೂ ಕೂಡೋರಿದ್ರ ನಾ ಈ ದೋಣಿ ಹತ್ತತೇನಿ. ಇಲ್ಲಂದ್ರ ಹೊಸಾದು ಬರೂತನಕಾ ನನಗ ರಸ್ತಾನ ಗತಿ."

"ನನಗ ಮನ್ಯಾಗ ಕೆಲಸ ಇಲ್ಲೇನ್ರಿ?" ಎಂದು ಹರಿಹಾಯ್ದೆ. ಯಾರೂ ದೋಣಿ ಹತ್ತಲಿಲ್ಲ.

ಭರಮಪ್ಪ ಕೈ ಒರೆಸಿಕೊಂಡು ಹಿಂದೆ ಸರಿದ. ಇವರು ಅದನ್ನು ಓರೆಗಣ್ಣಿನಿಂದ ನೋಡಿ ಎದ್ದು ಬಂದರು, ಯಾರ ಮುಖವನ್ನೂ ನೋಡದೆ ಹ್ಯಾಂಡಲ್ ಹೊಡೆದರು. ಇಂಜಿನ್ ಚಾಲೂ ಆಯಿತು. ಆಮೇಲೆ ಇಂಜಿನ್ನನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ಸದ್ದ ಸರಿ ಐತೇನ?" ಎಂದು ಕೇಳಿದರು. ಅಷ್ಟು ಜನರ ಎದುರಿಗೆ, ನನ್ನನ್ನು.

ಸದ್ದು ಸರಿಯಾಗಿತ್ತು. ಇಲ್ಲ ಎಂದು ಒಂದು ಸಲ ತಲೆ ಅಲ್ಲಾಡಿಸಿದ್ದರೆ ಸಾಕಿತ್ತು, ಇವರು ನಂಬುತ್ತಿದ್ದರು. ನನ್ನ ಸಿಟ್ಟು ಕಂಡ ಭರಮಪ್ಪನೂ ಬಾಯಿ ಬಿಡುತ್ತಿರಲಿಲ್ಲ. ನಾಳೆಯೇ ಹೊಸ ಇಂಜಿನ್ ತರಲು ಹೊರಡುತ್ತಿದ್ದರು, ನಾನು ಈ ಹಾಳು ದೋಣಿಯಿಂದ ಪಾರಾಗುತ್ತಿದ್ದೆ. ಆದರೆ ಆ ಮುಖ ನೋಡಿಕೊಂಡು ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ. ಸಿಟ್ಟಿನಿಂದಲೇ ಹೌದೆಂದು ಗೋಣು ಹಾಕಿ, ಸೆರಗು ಬಿಗಿದು ಇಂಜಿನ್ನಿನ ಪಕ್ಕದ ಎಣ್ಣೆ ಮೆತ್ತಿದ ಹಲಗೆಯ ಮೇಲೆ ಕುಳಿತೆ.