ಕರ್ತೃಪದ ಕೇಳುವ ಯಾರಮ್ಮ

ಎದುರಿನವರ ಮಾತಿನ ನಡುವೆ ಅವರು ಕನ್ನಡಕವನ್ನು ಹಣೆಗೇರಿಸಿದರೆಂದರೆ, ಮುಂದೆ ಬರುವ ಪ್ರಶ್ನೆ 'ಯಾರು?' ಎಂದೇ ಲೆಕ್ಕ. ದೇಶದ ಭದ್ರತೆಯ ವಿಷಯದಲ್ಲಿ ಸರ್ಕಾರದ ನಡೆಗಳನ್ನು ಪರಿಶೀಲಿಸುವ ಶಾಸನಸಭೆಯ ಸಮಿತಿಗೆ ಅವರು ಅಧ್ಯಕ್ಷೆ. ಆದರೆ ಆ ಒಂದು ಪ್ರಶ್ನೆಯ ದೆಸೆಯಿಂದ ಭವನದ ಉದ್ದಗಲಕ್ಕೂ, ಘನಗಂಭೀರ ಅಧಿಕಾರಿಗಳ ಬಾಯಲ್ಲೂ, ಅವರು ಬರೀ 'ಯಾರಮ್ಮ'. ಈ ಅಡ್ಡಹೆಸರು ಅವರ ಕಿವಿಗೂ ಬಿದ್ದಿತ್ತು. ಇಟ್ಟವರು ಯಾರೆಂದು ಮಾತ್ರ ಅವರು ಕೇಳಲಿಲ್ಲ.

ಸಮಿತಿಯ ಕಾರ್ಯದರ್ಶಿ ಅವರ ಬಲಮಗ್ಗುಲಲ್ಲಿ ಕೂತು ವರ್ಷಗಟ್ಟಲೆ ನಡಾವಳಿ ಬರೆದವನು. ಒಂದು ಕಾಲನ್ನು ತುಸು ಎಳೆಯುತ್ತ, ಮೊಣಕೈಯಲ್ಲಿ ಸವೆದ ಕರಿಯ ಕೋಟಿನ ಜೇಬುಗಳಲ್ಲಿ ಕೈಯಿಟ್ಟು ಯಾರಮ್ಮ ಪಡಸಾಲೆಯಲ್ಲಿ ಬರುತ್ತಿದ್ದರೆ, ಎದೆತುಂಬ ಪದಕ ಧರಿಸಿದ ದಂಡನಾಯಕರೂ ಗೋಡೆಗೆ ಸರಿದು ದಾರಿ ಬಿಡುವುದನ್ನು ಕಂಡು ಅವನ ಮೈ ಜುಮ್ಮೆನ್ನುತ್ತಿತ್ತು. ಅಬ್ಬಾ, ಎಂಥ ಹೆಂಗಸು!

ಅವರಿಗೆ ಆಗಿಬಾರದ ಪದ 'ಮಾಡಲಾಗಿದೆ'. ಗುಪ್ತಚರ ದಳದ ಮುಖ್ಯಸ್ಥ ಒಮ್ಮೆ 'ಕೆಲವು ದೂರವಾಣಿಗಳನ್ನು ಕದ್ದಾಲಿಸಲಾಗಿದೆ' ಎಂದು ಗತ್ತಿನಿಂದ ಓದಿದಾಗ, ದೂರವಾಣಿಗಳು ಒಂದರ ಮಾತನ್ನೊಂದು ತಾವೇ ಕೇಳಿಸಿಕೊಂಡವೇ ಎಂದು ವಿಚಾರಿಸಿ, ಅಪ್ಪಣೆ ಕೊಟ್ಟವನ ಹೆಸರು ಹೊರಬರುವ ತನಕ ಆ ಮಹಾಶಯನನ್ನು ಕುರ್ಚಿ ಬಿಟ್ಟೇಳಗೊಡಲಿಲ್ಲ. ಚಹಾ ತಂದ ಹೆಂಗಸು 'ಚೆಲ್ಲಿಹೋಯ್ತಮ್ಮ' ಎಂದಾಗಲೂ ಕನ್ನಡಕ ಮೇಲೇರಿತು. ತಾನೇ ಚೆಲ್ಲಿದ್ದೆಂದು ಆಕೆ ಹೇಳಿದ್ದೇ ತಡ, ಅಷ್ಟೇ ತಾನೆ ಎಂದು ನಕ್ಕು ಇನ್ನೊಂದು ಲೋಟ ತರಿಸಿಕೊಂಡರು. ಒಪ್ಪಿಕೊಂಡವರ ಮೇಲೆ ಅವರಿಗೆ ಎಂದೂ ಸಿಟ್ಟಿರಲಿಲ್ಲ.

ಗಡಿಯಾಚೆಗೆ ದಂಡು ಕಳಿಸಲು ಸರ್ಕಾರ ಹೊರಟ ದಿನ ರಕ್ಷಣಾ ಮಂತ್ರಿಯೇ ಆಜ್ಞೆಯ ಕರಡು ಹಿಡಿದು ಸಮಿತಿಯ ಮುಂದೆ ಬಂದ. ಸಮಿತಿಯ ಒಪ್ಪಿಗೆಯಿಲ್ಲದೆ ಒಬ್ಬ ಸೈನಿಕನೂ ಗಡಿ ದಾಟುವಂತಿರಲಿಲ್ಲ. ಮೊದಲು ಹೊರಡುವ ತುಕಡಿಯಲ್ಲಿ ಯಾರಮ್ಮನ ಒಬ್ಬನೇ ಮಗನಿದ್ದಾನೆಂಬುದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. 'ಸೇನೆಯನ್ನು ಕಳುಹಿಸಲಾಗುವುದು' ಎಂದು ಮಂತ್ರಿ ಓದುತ್ತಿದ್ದಂತೆ ಕನ್ನಡಕ ಹಣೆಗೇರಿತು.

"ಯಾರು ಕಳಿಸ್ತೀರಿ?"

ಸರ್ಕಾರವೆಂದ, ಪರಿಸ್ಥಿತಿಯೆಂದ, ರಾಷ್ಟ್ರಹಿತವೆಂದ. ಕೊನೆಗೆ ದನಿ ಇಳಿಸಿ, "ನಿಮ್ಮ ಮಗನೂ ಗಡಿಯಲ್ಲಿ ಕಾದಿರೋ ಆ ತುಕಡಿಯಲ್ಲೇ ಇದ್ದಾನಮ್ಮ. ತಡವಾದಷ್ಟೂ ಆ ಹುಡುಗರಿಗೇ ಅಪಾಯ" ಎಂದ.

"ಅದಕ್ಕೇ ಕೇಳ್ತಿರೋದು. ನಾಳೆ ಒಬ್ಬ ತಾಯಿ ಬಂದು ನಿಂತರೆ, ಕಳಿಸಲಾಯ್ತು ಅಂತ ಹೇಳ್ತೀರಾ?"

ಮಂತ್ರಿ ಜೇಬಿನಿಂದ ಲೇಖನಿ ತೆಗೆದ. ಆಮೇಲೆ ಆ ಸಾಲು ಹೊಡೆದುಹಾಕಿ, 'ನಾನು ಕಳುಹಿಸುತ್ತೇನೆ. ತಿಂಗಳಾದ ಮೇಲೆ ಮತ್ತೆ ಈ ಸಮಿತಿಯ ಒಪ್ಪಿಗೆ ಬೇಡುತ್ತೇನೆ' ಎಂದು ಸ್ವಹಸ್ತದಿಂದ ಬರೆದ. ಬರೆದಾದ ಮೇಲೆ ನೀರು ಕೇಳಿದ.

ಸದಸ್ಯರ ಮತ ಸರಿಸಮನಾಗಿ ಒಡೆಯಿತು. ಉಳಿದದ್ದು ಅಧ್ಯಕ್ಷರದೊಂದೇ. ತಾಯಿಯ ಕರುಳು ಬೇಡವೆಂದೀತೆಂದು ಕಾರ್ಯದರ್ಶಿ ನಂಬಿದ್ದ. ಬೇಡವೆಂದರೆ ಅವರನ್ನು ದೂರುವವರೂ ಇರಲಿಲ್ಲ. ಆದರೆ ಗಡಿಯೂರುಗಳ ಮೇಲೆ ಬೀಳುತ್ತಿದ್ದ ಗುಂಡುಗಳ ವರದಿಯನ್ನು ಅಕ್ಷರ ಬಿಡದೆ ಓದಿದ್ದ ಯಾರಮ್ಮ ಬಲಗೈ ಎತ್ತಿ ಒಪ್ಪಿಗೆ ಕೊಟ್ಟರು. ಕಾರ್ಯದರ್ಶಿ ರೂಢಿಯ ಬಲದಿಂದ 'ಅನುಮೋದಿಸಲಾಯಿತು' ಎಂದು ಬರೆಯತೊಡಗಿದ್ದ. ಅವರು ಅವನ ಕೈ ತಡೆದು, 'ನಾನು ಅನುಮೋದಿಸಿದೆ' ಎಂದು ಬರೆಸಿದರು. ಅವರ ಬೆರಳುಗಳು ತಣ್ಣಗಿದ್ದವು.

ಹೊರಗೆ ಸೊಸೆ ಕಾಯುತ್ತಿದ್ದಳು. ಸುದ್ದಿ ಆಗಲೇ ಅವಳಿಗೆ ಮುಟ್ಟಿತ್ತು.

"ಬೇಡ ಅನ್ನಬಹುದಿತ್ತಲ್ಲ ಅತ್ತೆ? ನಿಮ್ಮ ಕೈಯಲ್ಲೇ ಇತ್ತಲ್ಲ?"

ದೇಶ, ಕರ್ತವ್ಯ, ವಿಧಿ, ಯಾವುದರ ಹಿಂದೆ ಬೇಕಾದರೂ ಅವರು ನಿಲ್ಲಬಹುದಿತ್ತು.

"ಅನ್ನಬಹುದಿತ್ತಮ್ಮ. ನಾನು ಅನ್ನಲಿಲ್ಲ."

ಸೊಸೆ ಅಳಲಿಲ್ಲ, ಕೈಯನ್ನೂ ಹಿಡಿಯಲಿಲ್ಲ; ತಿರುಗಿ ಹೊರಟುಹೋದಳು. ಅತ್ತೆ ಅವಳ ಹಿಂದೆ ಹೆಜ್ಜೆ ಹಾಕಿದರು. ಅಧಿಕಾರಕ್ಕೆ ಲಗಾಮು ಹಾಕುವುದೆಂದರೆ ಅಡ್ಡ ನಿಲ್ಲುವುದೆಂದು ತಿಳಿದಿದ್ದ ಕಾರ್ಯದರ್ಶಿ ಅಲ್ಲೇ ನಿಂತುಬಿಟ್ಟ. ಇಂಥವರು ಅಪರೂಪ. ಪರರನ್ನು ಹೊಣೆ ಮಾಡುವ ಹಕ್ಕನ್ನು ಅವರು ತಮ್ಮ ಪಾಲಿನ ಹೊಣೆ ಹೊತ್ತೇ ಗಳಿಸಿಕೊಳ್ಳುತ್ತಾರೆ. ಆಮೇಲೆ ಮನೆಯವರು ಕ್ಷಮಿಸಲಿ, ಬಿಡಲಿ, ಅದೇ ಮನೆಗೆ ಹೋಗುತ್ತಾರೆ.