ಅಳಿಯನಿಗೆ ಉಪಚಾರ

ಸಿನಾನ್‌ಗೆ ಸಿಕ್ಕಿದ್ದು ಹದಿನೈದು ದಿನದ ರಜೆ. ಅದರಲ್ಲಿ ಹನ್ನೊಂದು ಕಳೆದಿತ್ತು. ಮೊದಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ, ಹಾಗಾಗಿ ಸೌದಿಯ ದಮ್ಮಾಮಿನಿಂದ ಬಂದವನು ಮೂಡುಬಿದಿರೆಯ ತನ್ನ ಮನೆಯಲ್ಲಿ ಒಂದು ರಾತ್ರಿ ಕಳೆದು, ವಿಟ್ಲಕ್ಕೆ ಹೆಂಡತಿಯ ಮನೆಗೆ ಬಂದಿದ್ದ. ಮೂರು ದಿನಕ್ಕೆ ರಶೀನಾ ಹೆಣ್ಣುಮಗು ಹೆತ್ತಳು. ಏಳನೆಯ ದಿನ ಮಗುವಿನ ತಲೆ ಬೋಳಿಸಿ, ಜಸ್ನಾ ಎಂದು ಹೆಸರಿಟ್ಟದ್ದೂ ಆಯಿತು.

ಅತ್ತೆ ರಹ್ಮತ್‌ಗೆ ಈ ದಿನಗಳೆಲ್ಲ ಅಡುಗೆಮನೆಯಲ್ಲೇ ಕಳೆದಿದ್ದವು. ಬೆಳಿಗ್ಗೆ ಅಕ್ಕಿರೊಟ್ಟಿಯಂಥ ಪತ್ತಿರ್, ಕೋಳಿ ಸಾರು. ಹತ್ತಕ್ಕೆ ಮೊಟ್ಟೆ, ಬಾಳೆಹಣ್ಣು. ಮಧ್ಯಾಹ್ನ ತುಪ್ಪದನ್ನ, ಹುರಿದ ಅಂಜಲ್ ಮೀನು. ಮನೆಯ ಮೊದಲ ಅಳಿಯ. ಅವನು ನೀರಿಗೆ ಏಳಬಾರದು, ತಟ್ಟೆ ಎತ್ತಬಾರದು. ಅವಳ ಉಮ್ಮ ನಡೆಸಿಕೊಂಡು ಬಂದದ್ದೂ ಹಾಗೆಯೇ. ನಾಳೆ ಮೂಡುಬಿದಿರೆಯಲ್ಲಿ ಯಾರೂ ವಿಟ್ಲದವರ ಉಪಚಾರಕ್ಕೆ ಬೆರಳು ತೋರಿಸಬಾರದು.

ಬಾಣಂತಿ ಕೋಣೆಯಲ್ಲಿ ಯಾವಾಗಲೂ ನಾಲ್ಕೈದು ಹೆಂಗಸರು. ಸಿನಾನ್ ಬಾಗಿಲ ಪರದೆಯ ಹತ್ತಿರ ಬಂದು ಕೆಮ್ಮಿದರೆ ಒಳಗಿನ ಮಾತು ನಿಲ್ಲುತ್ತಿತ್ತು, ಸೆರಗುಗಳು ತಲೆಗೇರುತ್ತಿದ್ದವು. ರಹ್ಮತ್ ಅಡುಗೆಮನೆಯಿಂದಲೇ ಕೂಗುತ್ತಿದ್ದಳು, "ಮೋನೆ, ಹಸಿವಾಯ್ತಾ? ಬನ್ನಿ, ಬಡಿಸ್ತೇನೆ." ಅವನು ಬಂದು ಕೂತು ತಿನ್ನುತ್ತಿದ್ದ. ಬೇಡ ಎನ್ನುವ ಧೈರ್ಯ ಹೊಸ ಅಳಿಯನಿಗೆ ಎಲ್ಲಿಂದ ಬರಬೇಕು?

ಹನ್ನೊಂದನೆಯ ದಿನ ಮಧ್ಯಾಹ್ನ ಅವಳು ಶರಬತ್ತು ಹಿಡಿದು ಜಗಲಿಗೆ ಬಂದಳು. ಸಿನಾನ್ ಬೆನ್ನು ಹಾಕಿ ಕೂತಿದ್ದ. ಕೈಯಲ್ಲಿ ಮೊಬೈಲು. ಪರದೆಯಲ್ಲಿ ಜಸ್ನಾಳ ಫೋಟೋ. ಎರಡು ಬೆರಳಿನಿಂದ ಅದನ್ನು ಹಿಗ್ಗಿಸಿ ಕಿವಿ ನೋಡಿದ, ಆಮೇಲೆ ಮುಷ್ಟಿ ನೋಡಿದ, ಇನ್ನೂ ಹಿಗ್ಗಿಸಿ ಉಗುರು ನೋಡಿದ. ಮಗು ಇದ್ದದ್ದು ಗೋಡೆಯ ಆಚೆ, ಹತ್ತು ಹೆಜ್ಜೆ ದೂರದಲ್ಲಿ.

ರಹ್ಮತ್ ಶರಬತ್ತು ಕೊಡದೆ ಒಳಗೆ ಬಂದಳು. ಇವನು ಮಗುವನ್ನು ಎತ್ತಿದ್ದು ಯಾವಾಗ? ಆಸ್ಪತ್ರೆಯಲ್ಲಿ ಕಿವಿಗೆ ಬಾಂಗು ಹೇಳುವಾಗ ಮಗು ಇದ್ದದ್ದು ತನ್ನ ಕೈಯಲ್ಲಿ. ಅವನು ಬಗ್ಗಿದ್ದ, ಅಷ್ಟೆ. ಹೆಸರಿಡುವಾಗ ಅವನ ಉಮ್ಮನ ಮಡಿಲಲ್ಲಿ. ಎಷ್ಟು ಹುಡುಕಿದರೂ ಅವನು ಎತ್ತಿದ ಒಂದು ಸಲವೂ ನೆನಪಾಗಲಿಲ್ಲ.

ಗಂಡ ಅಬೂಬಕ್ಕರ್ ನಮಾಜು ಮುಗಿಸಿ ಬಂದಾಗ ಕೇಳಿದಳು, "ರಶೀನಾ ಹುಟ್ಟಿದಾಗ ನೀವು ಮಸ್ಕತ್ತಿನಿಂದ ಬಂದಿದ್ರಲ್ಲ, ಅವಳನ್ನು ಎತ್ತಿಕೊಂಡಿದ್ರಾ?"

ಅವರು ಟೊಪ್ಪಿ ಮಡಚುತ್ತ ನಕ್ಕರು. "ಎಲ್ಲಿ ಎತ್ತುವುದು ಮಾರಾಯ್ತಿ? ನಿನ್ನ ಉಮ್ಮ ತಿನ್ನಿಸಿ ತಿನ್ನಿಸಿ ಹೊರಡುವಾಗ ನನ್ನ ಪ್ಯಾಂಟಿನ ಗುಂಡಿ ಹಾಕ್ಲಿಕ್ಕೆ ಆಗ್ತಿರ್ಲಿಲ್ಲ. ಮಗು ಎಷ್ಟು ಭಾರ ಇತ್ತು ಅಂತ ಮಾತ್ರ ಗೊತ್ತಿರ್ಲಿಲ್ಲ."

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ನೀನು ನಲ್ವತ್ತು ದಿನ ಪರದೆಯ ಹಿಂದೆ. ನಾನು ಅಳಿಯ. ಅಳಿಯ ಕೇಳಿದ್ರೆ ಏನು ಕೇಳಬೇಕು? ಇನ್ನೊಂದು ತುಂಡು ಮೀನು."

ಅವರು ಹೊರಗೆ ಹೋದರು. ರಹ್ಮತ್ ಅಲ್ಲೇ ನಿಂತಳು. ಬಾಣಂತನದ ಆ ದಿನಗಳಲ್ಲಿ ಗಂಡನಿಗೆ ಮಗುವಿನ ಮೇಲೆ ಆಸೆಯೇ ಇಲ್ಲವೆಂದು ಅವಳು ಗೋಡೆಗೆ ಮುಖಮಾಡಿ ಅತ್ತಿದ್ದಳು. ಆಮೇಲೆ ವರ್ಷಾನುಗಟ್ಟಲೆ ಆ ನೋವನ್ನು ಸಣ್ಣ ಸಣ್ಣ ಮಾತುಗಳಲ್ಲಿ ಚುಚ್ಚಿ ತೀರಿಸಿಕೊಂಡಿದ್ದಳು. ಆ ಮನುಷ್ಯ ಒಮ್ಮೆಯೂ ಉತ್ತರ ಕೊಟ್ಟಿರಲಿಲ್ಲ.

ಕೋಣೆಗೆ ಹೋದರೆ ರಶೀನಾ ಮಗುವಿಗೆ ಹಾಲು ಕೊಡುತ್ತಿದ್ದಳು.

"ಅವನಿಗೆ ಮಗುವನ್ನು ಎತ್ತಲಿಕ್ಕೆ ಹೆದರಿಕೆಯಾ ಮೋಳೆ?"

"ಹೆದರಿಕೆ ಉಂಟಾ ಇಲ್ವಾ ಅಂತ ಗೊತ್ತಾಗ್ಲಿಕ್ಕೆ ಒಮ್ಮೆ ಕೊಟ್ಟು ನೋಡಬೇಕಲ್ಲ ಉಮ್ಮ." ರಶೀನಾ ತಲೆ ಎತ್ತಲಿಲ್ಲ. "ಇವರು ಇನ್ನು ಬರುವುದು ಎರಡು ವರ್ಷ ಬಿಟ್ಟು. ಇವಳು ಆಗ ಓಡ್ತಾಳೆ. ಇವರನ್ನು ನೋಡಿ ನನ್ನ ಹಿಂದೆ ಅಡಗ್ತಾಳೆ."

ಮರುದಿನ ಬೆಳಿಗ್ಗೆ, ಮಗುವನ್ನು ಮೀಯಿಸುವ ಪಾತುಮ್ಮ ಬಂದು ಬಚ್ಚಲಲ್ಲಿ ಎಣ್ಣೆ ಬಿಸಿ ಮಾಡುತ್ತಿದ್ದಳು. ಎಪ್ಪತ್ತು ದಾಟಿದ ಮುದುಕಿ, ವಿಟ್ಲದ ಅರ್ಧ ಜನ ಅವಳ ಕಾಲ ಮೇಲೆ ಮಿಂದವರೇ. ನೋಡಲು ಬಂದಿದ್ದ ನಾದಿನಿಯರನ್ನು ರಹ್ಮತ್ ಪತ್ತಿರ್ ತಟ್ಟಲು ಅಡುಗೆಮನೆಗೆ ಅಟ್ಟಿದಳು. ಆಮೇಲೆ ಜಗಲಿಗೆ ಬಂದಳು.

"ಮೋನೆ, ಒಳಗೆ ಬನ್ನಿ."

ಸಿನಾನ್ ಎದ್ದುನಿಂತು ಕೈ ಮುಗಿಯುವ ಹಾಗೆ ಮಾಡಿದ. "ಮಾಮಿ, ದಮ್ಮಯ್ಯ. ನಿನ್ನೆ ರಾತ್ರಿಯದ್ದೇ ಕರಗ್ಲಿಲ್ಲ."

"ತಿನ್ಲಿಕ್ಕೆ ಅಲ್ಲ. ಮಗುವನ್ನು ಮೀಯಿಸ್ಲಿಕ್ಕೆ ಉಂಟು."

ಅವನು ಹಿಂದೆ ತಿರುಗಿ ನೋಡಿದ, ಬೇರೆ ಯಾರಿಗೋ ಹೇಳಿದಳೆಂಬಂತೆ.

ಪಾತುಮ್ಮನಿಗೂ ಇದು ಹೊಸದೇ. "ಯಾ ಅಲ್ಲಾ, ಪುದಿಯಾಪ್ಳೆಯನ್ನು, ಹೊಸ ಅಳಿಯನನ್ನು, ಕೆಲಸಕ್ಕೆ ಹಚ್ಚಿದ್ಯಾ ರಹ್ಮತ್? ಮೂಡುಬಿದಿರೆಯವರು ನಿನ್ನ ಮೇಲೆ ಪಂಚಾತಿಕೆ ಕೂರಿಸ್ತಾರೆ."

"ಕೂರಿಸ್ಲಿ. ಅವರಿಗೂ ಬಡಿಸ್ತೇನೆ."

"ಹಾಗಾದ್ರೆ ಬಾ ಮಗನೇ, ಮಣೆಯ ಮೇಲೆ ಕೂತು ಕಾಲು ನೀಡು. ಲುಂಗಿ ಮೇಲೆತ್ತು. ಅಬ್ಬಾ, ಏನು ಕಾಲು ಇದು, ಕರಡಿಯದ್ದಾ? ಮಗುವಿಗೆ ಚುಚ್ಚೀತು. ರಹ್ಮತ್, ಒಂದು ಬಟ್ಟೆ ಹಾಸು."

ಬಾಗಿಲಲ್ಲಿ ನಿಂತಿದ್ದ ರಶೀನಾ ನಕ್ಕಳು. ರಹ್ಮತ್ ಮೆತ್ತನೆಯ ಬಟ್ಟೆ ಹಾಸಿ, ಜಸ್ನಾಳನ್ನು ಅವನ ಎರಡೂ ಕಾಲುಗಳ ನಡುವಿನ ತಗ್ಗಿನಲ್ಲಿ ಮಲಗಿಸಿದಳು. ಅವನು ಉಸಿರು ಹಿಡಿದು ಕೂತ.

"ಉಸಿರಾಡು ಮಾರಾಯ," ಎಂದಳು ಪಾತುಮ್ಮ. "ಅವಳು ಆಡ್ತಿದ್ದಾಳಲ್ಲ? ನೀನೂ ಆಡು. ಅಂಗೈಗೆ ಎಣ್ಣೆ ಹಾಕು. ಎದೆಯಿಂದ ಭುಜಕ್ಕೆ. ಒತ್ತಬೇಡ, ಸವರು."

ದಮ್ಮಾಮಿನ ಅಂಗಡಿಯಲ್ಲಿ ಪೆಟ್ಟಿಗೆ ಹೊತ್ತು ಒರಟಾದ ಅಂಗೈ. ಮಗುವಿನ ಎದೆ ಇಡೀ ಅದರಡಿ ಮುಚ್ಚಿಹೋಯಿತು. ಜಸ್ನಾ ಕಣ್ಣು ಅರ್ಧ ತೆರೆದು ಬೆಳಕಿನತ್ತ ನೋಡಿದಳು, ಆಮೇಲೆ ಬೆಚ್ಚಗೆ ಅವನ ಮೇಲೆಯೇ ಉಚ್ಚೆ ಹೊಯ್ದಳು. ಪಾತುಮ್ಮ ಚಪ್ಪಾಳೆ ತಟ್ಟಿದಳು. ಅವನು ಒರೆಸಿಕೊಳ್ಳಲಿಲ್ಲ. ಎಲ್ಲಿ ಅಲುಗಾಡಿದರೆ ಎತ್ತಿಕೊಂಡುಬಿಡುತ್ತಾರೋ ಎಂಬ ಹಾಗೆ ಕೂತಿದ್ದ.

ರಹ್ಮತ್ ಚೊಂಬಿನಲ್ಲಿ ಬಿಸಿನೀರು ತೆಳ್ಳಗೆ ಹೊಯ್ದಳು. ಮೊದಲ ನೀರಿಗೆ ಮಗು ಚೀರಿತು. ಸಿನಾನ್ ಗಾಬರಿಯಿಂದ ಅತ್ತೆಯ ಮುಖ ನೋಡಿದ. ಈ ಹನ್ನೊಂದು ದಿನಗಳಲ್ಲಿ ಅವರಿಬ್ಬರೂ ಪರಸ್ಪರ ನೇರ ಮುಖ ನೋಡಿದ್ದೇ ಇಲ್ಲ.

"ಅಳಲಿ," ಎಂದಳು ಅವಳು. "ಏನಾದರೂ ಹೇಳುತ್ತಾ ಇರಿ. ಸ್ವರ ಕೇಳಲಿ."

ಅವನು ಮಗುವಿನತ್ತ ತಿರುಗಿದ. "ಜಸ್ನಾ," ಎಂದ. ಮತ್ತೆ, "ಜಸ್ನಾ, ನಾನು." ಅಷ್ಟನ್ನೇ ಹೇಳುತ್ತ ಹೋದ. ಅಳು ಬಿಕ್ಕಾಯಿತು, ಬಿಕ್ಕು ನಿಂತಿತು.

ಬೆನ್ನಿಗೆ ನೀರು ಹಾಕಲು ಪಾತುಮ್ಮ ಮಗುವನ್ನು ಬೋರಲು ಮಲಗಿಸಿದಳು. ಸಿನಾನ್ ಬಗ್ಗಿ ನೋಡಿದ.

"ಮಾಮಿ, ಇಲ್ಲಿ ನೋಡಿ. ಸೊಂಟದ ಹತ್ತಿರ ಒಂದು ಮಚ್ಚೆ ಉಂಟು. ಎಳ್ಳಿನಷ್ಟು. ನಿಮಗೆ ಗೊತ್ತುಂಟಾ?"

ಆಸ್ಪತ್ರೆಯಲ್ಲಿ ಮಗು ಕೈಗೆ ಬಂದ ಮೊದಲ ಗಳಿಗೆಯಲ್ಲೇ ರಹ್ಮತ್ ಅದನ್ನು ನೋಡಿದ್ದಳು. ಬಂದವರಿಗೆಲ್ಲ ತೋರಿಸಿಯೂ ಇದ್ದಳು.

"ಇಲ್ವಲ್ಲ," ಎಂದು ಬಗ್ಗಿದಳು. "ಎಲ್ಲಿ?"

ಪಾತುಮ್ಮ ಬಾಯಿ ತೆರೆದಳು. ಬಾಗಿಲಲ್ಲಿ ರಶೀನಾ ತುಟಿಯ ಮೇಲೆ ಬೆರಳಿಟ್ಟಳು.

ಸಿನಾನ್ ಎಣ್ಣೆಯ ಬೆರಳಿನಿಂದ ಮೆಲ್ಲಗೆ ಮುಟ್ಟಿ ತೋರಿಸಿದ.