ಸೀದ ಮೀನುಪುಡಿ, ಸತ್ತ ಮರಿಗಳು

ನೆರೆಹೊರೆಯವರೆಲ್ಲ ಕೋಳಿಯಕ್ಕ ಎಂದೇ ಕರೆಯುವ ಆ ಹೆಂಗಸು ಬೆಳಿಗ್ಗೆ ಕೋಳಿಮನೆಯ ಬಾಗಿಲು ತೆರೆದು ಸತ್ತ ಮರಿಗಳನ್ನು ಎಣಿಸಿದಳು. ಇನ್ನೂರು ಮರಿಗಳಲ್ಲಿ ಮತ್ತೆ ಹನ್ನೊಂದು ಸತ್ತಿದ್ದವು. ಕೊಕ್ಕುಗಳಿಂದ ಕಾಫಿ ಚರಟದಂಥ ಕಪ್ಪು ನೀರು ಇಳಿದಿತ್ತು. ಮನೆ ನಡೆಯುತ್ತಿದ್ದುದೇ ಈ ಕೋಳಿಗಳಿಂದ.

“ಏನೋ ರೋಗ ಅತ್ತಿಗೆ, ಔಷಧಿ ತರ್ತೀನಿ ಬಿಡಿ,” ಎಂದ ಮೈದುನ. ಮೇವು ಕಲಸುವ ಕೆಲಸ ಅವನದು.

“ಮೂರು ದಿನದಿಂದ ಅದೇ ಹಾಡು ಹಾಡ್ತಿದೀಯ!”

ಸತ್ತ ಮರಿಯೊಂದನ್ನೂ ಹಿಡಿ ಮೇವನ್ನೂ ಕಟ್ಟಿಕೊಂಡು ಅವಳು ಪಶುವೈದ್ಯೆಯ ಬಳಿಗೆ ನಡೆದಳು. ಮೈದುನ ಹಿಂಬಾಲಿಸಿದ.

ವೈದ್ಯೆ ಮರಿಯನ್ನು ಕೊಯ್ದು, ಕಾಳು ಅರೆಯುವ ಹೊಟ್ಟೆಯನ್ನು ಬಿಡಿಸಿ ತೋರಿಸಿದರು. ಒಳಪದರ ಕಪ್ಪು ಹುಣ್ಣಾಗಿ ಕಿತ್ತು ಬಂದಿತ್ತು.

“ಮೇವಲ್ಲಿ ಮೀನುಪುಡಿ ಇದೆ ಅಲ್ವಾ? ಸೀದ ವಾಸನೆ ಬರ್ತಿದೆ.”

“ಚೀಲ ತೇವವಾಗಿತ್ತು ಡಾಕ್ಟ್ರೇ, ಕೊಳೆತ ನಾತ ಬೇರೆ. ಬಾಣಲೇಲಿ ಕಪ್ಪಗಾಗೋವರೆಗೂ ಹುರಿದೆ,” ಎಂದ ಮೈದುನ ಹೆಮ್ಮೆಯಿಂದ. “ಹುರಿದ್ರೆ ಕೆಟ್ಟದ್ದೆಲ್ಲ ಹೋಗತ್ತಲ್ವಾ?”

“ನಾತ ಹೋಗತ್ತೆ, ವಿಷ ಹೋಗಲ್ಲ. ಮೀನು ಕೊಳೆತ್ರೆ ಹಿಸ್ಟಮಿನ್ ಅನ್ನೋದು ಹುಟ್ಟತ್ತೆ. ಆ ಪುಡೀನ ಅತಿಯಾಗಿ ಕಾಯಿಸಿದ್ರೆ ಇನ್ನೂ ಕೆಟ್ಟ ವಸ್ತು ಆಗತ್ತೆ. ಕೋಳಿ ಹೊಟ್ಟೆ ಕೊರೆಯೋದು ಅದೇ. ಪರೀಕ್ಷೆಗೆ ಕಳಿಸ್ತೀನಿ. ಪುಡಿ ಹಾಕೋದು ಇವತ್ತೇ ನಿಲ್ಲಿಸಿ.”

“ನೋಡಪ್ಪಾ ನಿನ್ನ ಪಾಕಶಾಸ್ತ್ರ!” ಎಂದಳು ಅತ್ತಿಗೆ. ಮೈದುನ ತಲೆ ತಗ್ಗಿಸಿದ. ಆದರೆ ಅವಳ ಸಿಟ್ಟು ಅವನ ಮೇಲೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಕೊಳೆತದ್ದನ್ನು ಚೀಲಕ್ಕೆ ತುಂಬಿ ಮಾರಿದವನು ಬೇರೆಯೇ ಇದ್ದನಲ್ಲ!

ಪುಡಿ ಮಾರಿದ ಮೇವಿನಂಗಡಿಗೆ ಅವಳು ಹೋದಾಗ, ಅಲ್ಲಿ ಸಾಲಾಗಿ ನಿಂತ ಚೀಲಗಳ ಮೇಲೆ ತಯಾರಕರ ಹೆಸರಿರಲಿಲ್ಲ, ದಿನಾಂಕವೂ ಇರಲಿಲ್ಲ. ಯಾಕಿಲ್ಲ ಎಂದು ಅವಳು ಜೋರಾಗಿ ಕೇಳಿದಳು.

“ಕೋಳಿ ತಿನ್ನೋದಕ್ಕೆ ಇಷ್ಟೊಂದು ರಾದ್ಧಾಂತ ಯಾಕಕ್ಕ?” ಅಂಗಡಿಯವನು ನಕ್ಕ.

“ಕೋಳೀನ ತಿನ್ನೋರು ಯಾರಪ್ಪಾ? ನಿನ್ನ ಮಗು ತಟ್ಟೆಗೆ ಬರೋ ಮೊಟ್ಟೆ ಆಕಾಶದಿಂದ ಉದುರತ್ತಾ? ಪರೀಕ್ಷೆ ವರದಿ ತೋರ್ಸು!”

ವರದಿ ಎಲ್ಲಿಂದ ಬರಬೇಕು? ಅಲ್ಲಿದ್ದ ಗಿರಾಕಿಗಳಿಬ್ಬರು ಹೆಗಲಿಗೇರಿಸಿದ್ದ ಚೀಲಗಳನ್ನು ಸದ್ದಿಲ್ಲದೆ ಕೆಳಗಿಳಿಸಿದರು.

ವಾರದ ಬಳಿಕ ಪ್ರಯೋಗಾಲಯದಿಂದ ಉತ್ತರ ಬಂದಿತು: ಪುಡಿಯಲ್ಲಿ ಹಿಸ್ಟಮಿನ್ ಮಿತಿಮೀರಿತ್ತು. ಅಷ್ಟರಲ್ಲಿ ಸಾವು ನಿಂತಿತ್ತು. ನೂರ ಅರವತ್ತು ಮರಿಗಳು ಉಳಿದವು, ನಲವತ್ತು ಮಣ್ಣುಪಾಲಾದವು. ಈಗ ವರದಿ ಓದದೆ ಮೈದುನನೇ ಚೀಲ ಮುಟ್ಟುವುದಿಲ್ಲ.

ಕೋಳಿ ಸಾಕುವ ಬಂಧುಗಳೇ, ಹೆಸರಿಲ್ಲದ ಚೀಲವನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ. ತೇವವಾದ, ನಾರುವ, ಸೀದ ಪುಡಿಯನ್ನು ಹುರಿದು ಸರಿಪಡಿಸಲು ಹೋಗಬೇಡಿ, ಹಿಂದಿರುಗಿಸಿ. ಮರಿ ಸತ್ತರೆ ಮೇವಿನ ಸಮೇತ ಪಶುವೈದ್ಯರಲ್ಲಿಗೆ ಒಯ್ಯಿರಿ. ಪರೀಕ್ಷೆಯ ವರದಿಯನ್ನು ಗಟ್ಟಿಯಾಗಿ, ನಾಲ್ಕು ಜನರೆದುರು ಕೇಳಿ. ಕೊಳೆತದ್ದನ್ನು ಮಾರಲು ಅಂಗಡಿಯವನಿಗಿಲ್ಲದ ನಾಚಿಕೆ, ಕೇಳಲು ನಿಮಗೇಕೆ?